ಹೋಸ್ಟಿಂಗ್ ಡ್ಯಾಶ್‌ಬೋರ್ಡ್: ಆರು ವರ್ಷಗಳ ಬಳಕೆಯ ನಂತರ

ಶಿವಮೊಗ್ಗದ ಒಂದು ಪುಸ್ತಕದಂಗಡಿಯ ಜಾಲತಾಣವನ್ನೂ ಅದರ ಐದು ಇಮೇಲ್ ಖಾತೆಗಳನ್ನೂ ನಾನು ಆರು ವರ್ಷಗಳಿಂದ ಒಂದೇ ಹೋಸ್ಟಿಂಗ್ ಕಂಪನಿಯಲ್ಲಿ, ಅಂದರೆ ಜಾಲತಾಣಗಳಿಗೆ ತನ್ನ ಸರ್ವರಿನಲ್ಲಿ ಜಾಗ ಬಾಡಿಗೆಗೆ ಕೊಡುವ ಕಂಪನಿಯಲ್ಲಿ, ಇಟ್ಟು ನೋಡಿಕೊಳ್ಳುತ್ತಿದ್ದೇನೆ. ಸರ್ವರಿನ ವೇಗದ ಬಗ್ಗೆ ನನಗೆ ತಕರಾರಿಲ್ಲ. ಈ ವಿಮರ್ಶೆ ಲಾಗಿನ್ ಆದ ಕೂಡಲೇ ಎದುರಾಗುವ ಡ್ಯಾಶ್‌ಬೋರ್ಡಿನದು; ಒಳಗೆ ಸಿಪ್ಯಾನೆಲ್ ಎಂಬ ನಿರ್ವಹಣಾ ತಂತ್ರಾಂಶ ಇದ್ದರೂ ಅದರ ಮೇಲೊಂದು ಮುಖಪುಟವನ್ನು ಕಂಪನಿಯವರೇ ಹೊದಿಸಿದ್ದಾರೆ. ಅದಕ್ಕೆ ಐದರಲ್ಲಿ ಎರಡೂವರೆ ಅಂಕ ಕೊಡುತ್ತೇನೆ. ಆ ಅರ್ಧ ಅಂಕವೂ ಕಳೆದ ವರ್ಷ ಸೇರಿದ್ದು.

ಮೂರು ವರ್ಷದ ಹಿಂದೆ, ಶಾಲೆಗಳು ಶುರುವಾಗುವ ಜೂನ್ ತಿಂಗಳಲ್ಲಿ, ಅಂಗಡಿಗೆ ಬರುವ ಆರ್ಡರ್ ಇಮೇಲ್‌ಗಳು ಒಂದು ಬೆಳಿಗ್ಗೆ ನಿಂತುಹೋದವು. ಮುಖಪುಟದಲ್ಲಿ ದೊಡ್ಡ ಹಸಿರು ವೃತ್ತವೊಂದು 10 ಜಿಬಿಯಲ್ಲಿ 3.8 ಜಿಬಿ ಮಾತ್ರ ಬಳಕೆಯಾಗಿದೆ ಎಂದು ತೋರಿಸುತ್ತಿತ್ತು. ಜಾಗ ಬೇಕಾದಷ್ಟಿದೆ ಎಂದು ನಂಬಿ ಡಿಎನ್ಎಸ್ ದಾಖಲೆಗಳನ್ನೂ (ಇಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವಂಥವು) ಪಾಸ್‌ವರ್ಡ್‌ಗಳನ್ನೂ ತಡಕಾಡುತ್ತ ಎರಡು ಗಂಟೆ ಕಳೆದೆ. ಕೊನೆಗೆ ಒಳಗಿನ ಪುಟವೊಂದರ ಪಕ್ಕದ ಪಟ್ಟಿಯಲ್ಲಿ, ಸಣ್ಣ ಅಕ್ಷರದಲ್ಲಿ, ಕಾರಣ ಸಿಕ್ಕಿತು: ಕಡತಗಳ ಸಂಖ್ಯೆ 2,50,000ಕ್ಕೆ 2,50,000. ಹಲವು ಗ್ರಾಹಕರು ಒಂದೇ ಸರ್ವರ್ ಬಳಸುವ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಜಾಗಕ್ಕೆ ಒಂದು ಮಿತಿ ಇರುವಂತೆ ಕಡತಗಳ ಎಣಿಕೆಗೂ, ಅಂದರೆ ಐನೋಡ್‌ಗೂ, ಬೇರೊಂದು ಮಿತಿ ಇರುತ್ತದೆ. ನಮ್ಮ ಖಾತೆಯಲ್ಲಿ ಒಂದೊಂದು ಇಮೇಲ್ ಒಂದೊಂದು ಕಡತವಾಗಿ ಕೂರುತ್ತಿತ್ತು, ಅದರ ಜೊತೆಗೆ ಜಾಲತಾಣ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶದ ಕ್ಯಾಶ್ ಪ್ಲಗಿನ್ (ಪುಟ ಬೇಗ ತೆರೆಯಲೆಂದು ಅದರ ಪ್ರತಿ ಇಟ್ಟುಕೊಳ್ಳುವ ಸೇರ್ಪಡೆ) ಪ್ರತಿ ಹುಡುಕಾಟದ ಪುಟಕ್ಕೂ ಒಂದು ಪುಟ್ಟ ಕಡತ ಬರೆಯುತ್ತ ಬಂದಿತ್ತು. ಕ್ಯಾಶ್ ಅಳಿಸಿದ ಕೆಲವೇ ನಿಮಿಷಗಳಲ್ಲಿ ಇಮೇಲ್ ಬರತೊಡಗಿತು. ವೃತ್ತದಲ್ಲಿದ್ದ ಅಂಕಿ ಸುಳ್ಳಾಗಿರಲಿಲ್ಲ, ಆದರೆ ಆ ದಿನ ನನ್ನ ಕೆಲಸವನ್ನು ನಿಲ್ಲಿಸಿದ್ದ ಅಂಕಿ ಅದಲ್ಲ. ಮಿತಿಗಳಲ್ಲಿ ಯಾವುದು ತುಂಬುವುದಕ್ಕೆ ಎಲ್ಲಕ್ಕಿಂತ ಹತ್ತಿರವಿದೆಯೋ ಅದನ್ನು ಮೊದಲು ತೋರಿಸುವುದು ಅಷ್ಟು ಕಷ್ಟವೇ ಎಂದು ಅಂದಿನಿಂದ ಕೇಳುತ್ತಲೇ ಇದ್ದೇನೆ.

ಸರ್ವರ್ ಬಳಕೆಯ ನಕ್ಷೆಯದೂ ಇದೇ ಕಥೆ. ನಮ್ಮ ಸರ್ವರಿನಲ್ಲಿ, ಪ್ರತಿ ಖಾತೆಗೂ ಬಳಕೆಯ ಮಿತಿ ಹಾಕುವ ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಒಂದೇ ಕ್ಷಣದಲ್ಲಿ ನಡೆಯುವ ಎಂಟ್ರಿ ಪ್ರೊಸೆಸ್‌ಗಳು, ಅಂದರೆ ಪುಟದ ಕೋರಿಕೆಗಳಿಗೆ ಶುರುವಾಗುವ ಕೆಲಸಗಳು, ಮಿತಿ ಮುಟ್ಟಿದರೆ ಓದುಗರಿಗೆ ಪುಟದ ಬದಲು 508 ದೋಷ ಕಾಣುತ್ತದೆ. ನಮ್ಮ ಮಿತಿ 20. ಯಾವುದೋ ಬಾಟ್ (ತಾನಾಗಿ ಓಡುವ ಪ್ರೋಗ್ರಾಮ್) ಅರ್ಧ ನಿಮಿಷ ಲಾಗಿನ್ ಪುಟವನ್ನು ಬಡಿದರೆ ಸಾಕು, ಅದು ತುಂಬುತ್ತದೆ. ಆದರೆ ಡ್ಯಾಶ್‌ಬೋರ್ಡಿನ ನಕ್ಷೆ ಬರೆಯುವುದು ಗಂಟೆಯ ಸರಾಸರಿಯನ್ನು, ಹಾಗಾಗಿ ಆ ಅರ್ಧ ನಿಮಿಷ ಸಪಾಟಾದ ಗೆರೆಯೊಳಗೆ ಕರಗಿಹೋಗುತ್ತದೆ. ಗಂಟೆಯೊಳಗಿನ ಗರಿಷ್ಠವನ್ನೂ ಎಷ್ಟು ಬಾರಿ ಮಿತಿ ಮುಟ್ಟಿತು ಎಂಬುದನ್ನೂ ತೋರಿಸಿದ್ದರೆ ನಾನು ಸಹಾಯ ಕೋರಿ ಕಂಪನಿಗೆ ಮೂರು ಟಿಕೆಟ್ ಬರೆಯಬೇಕಾಗಿರಲಿಲ್ಲ. ದೋಷದ ಲಾಗ್‌ನಲ್ಲಿ ಸಮಯ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಯಲ್ಲಿರುವುದು ಇನ್ನೊಂದು ಕಿರಿಕಿರಿ: ಬೆಳಿಗ್ಗೆ 9:12ಕ್ಕೆ ಅಂಗಡಿಯವರು ಫೋನ್ ಮಾಡಿದ ತೊಂದರೆಯನ್ನು ನಾನು 3:42ರ ಸಾಲಿನಲ್ಲಿ ಹುಡುಕಬೇಕು. ಬಿಲ್ ಮಾತ್ರ ಭಾರತೀಯ ಕಾಲಮಾನಕ್ಕೆ ಸರಿಯಾಗಿ ಬರುತ್ತದೆ.

ಬ್ಯಾಕಪ್ ಪೆಟ್ಟಿಗೆಯ ಬಗ್ಗೆ ನನ್ನ ಅಸಮಾಧಾನ ಎಲ್ಲಕ್ಕಿಂತ ಹೆಚ್ಚಿನದು. ಅಲ್ಲಿ ‘ಚಾಲ್ತಿಯಲ್ಲಿದೆ’ ಎಂಬ ಒಂದೇ ಮಾತಿತ್ತು. ಕೊನೆಯ ಬ್ಯಾಕಪ್ ಎಂದು ಮುಗಿಯಿತು, ಡೇಟಾಬೇಸ್ ಅದರಲ್ಲಿ ಸೇರಿದೆಯೇ, ಮರಳಿ ಪಡೆಯುವುದು ನನ್ನ ಕೈಯಲ್ಲಿದೆಯೇ ಎಂಬುದು ಎಲ್ಲಿಯೂ ಇರಲಿಲ್ಲ. ಸಿಪ್ಯಾನೆಲ್‌ನಲ್ಲಿ ಗ್ರಾಹಕರು ತಾವೇ ತೆಗೆದುಕೊಂಡ ಪೂರ್ಣ ಬ್ಯಾಕಪ್ಪನ್ನು ತಾವೇ ಮರಳಿ ಹಾಕಲು ಬರುವುದಿಲ್ಲ, ಹೋಸ್ಟಿಂಗ್‌ನವರು ಹಾಕಿಕೊಡಬೇಕು. ಆ ಬ್ಯಾಕಪ್ಪನ್ನು ನಮ್ಮ ಖಾತೆಯ ಹೋಮ್ ಡೈರೆಕ್ಟರಿಯಲ್ಲೇ ಬಿಟ್ಟರೆ ನಮ್ಮ ಜಾಗವನ್ನೇ ತಿನ್ನುತ್ತದೆ. ಇದನ್ನು ನಾನು ತಿಳಿದದ್ದು ಆ ಪೆಟ್ಟಿಗೆಯಿಂದಲ್ಲ, ಸಹಾಯವಾಣಿಯವರ ಬಾಯಿಂದ.

2022ರಲ್ಲಿ ಸಿಪ್ಯಾನೆಲ್ ಹಳೆಯ ಪೇಪರ್ ಲ್ಯಾಂಟರ್ನ್ ವಿನ್ಯಾಸವನ್ನು ಬಿಟ್ಟು ಜುಪಿಟರ್‌ಗೆ ಬಂದಾಗ ಒಳಗಿನ ಪುಟಗಳು ಚೊಕ್ಕಟವಾದವು, ಆದರೆ ಕಂಪನಿಯ ಮುಖಪುಟ ಹಾಗೆಯೇ ಉಳಿಯಿತು. ಕಳೆದ ವರ್ಷ ಅವರು ಎರಡು ಒಳ್ಳೆಯ ಬದಲಾವಣೆ ಮಾಡಿದರು. ಕೊನೆಯ ಬ್ಯಾಕಪ್ಪಿನ ದಿನಾಂಕ ಈಗ ಕಾಣುತ್ತದೆ. ಡೊಮೇನ್ ಮುಗಿಯುವ ದಿನವನ್ನು ಹೋಸ್ಟಿಂಗ್ ನವೀಕರಣದ ದಿನದಿಂದ ಬೇರೆ ಮಾಡಿ ಬರೆಯುತ್ತಾರೆ; ಇದು ನನಗೆ ಬೇಕಿತ್ತು, ಏಕೆಂದರೆ ಒಂದಕ್ಕೆ ಹಣ ಕಟ್ಟಿ ಇನ್ನೊಂದೂ ಆಯಿತು ಎಂದುಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಜಾಲತಾಣದ ಸುರಕ್ಷತಾ ಪ್ರಮಾಣಪತ್ರವನ್ನು ಸೂಚಿಸುವ ಎಸ್ಎಸ್ಎಲ್ ಬೀಗದ ಚಿತ್ರದ ಪಕ್ಕ, ಅದು ಮುಗಿಯುವ ದಿನಾಂಕ ಇನ್ನೂ ಬಂದಿಲ್ಲ. ದಿನಾಂಕವಿರಬೇಕಾದ ಜಾಗದಲ್ಲಿ ದುಬಾರಿ ಪ್ಲಾನಿನ ಜಾಹೀರಾತು ಕೂತಿದೆ.

ಐನೋಡ್ ಎಣಿಕೆಯನ್ನು ಮುಖಪುಟಕ್ಕೆ ತರುವಂತೆ ಹಾಕಿದ ಕೋರಿಕೆಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿದೆ. ಈ ಬಾರಿ ಮೂರು ವರ್ಷಕ್ಕೆ ಕಟ್ಟಿದರೆ ರಿಯಾಯಿತಿ ಇತ್ತು. ನಾನು ಒಂದೇ ವರ್ಷಕ್ಕೆ ಕಟ್ಟಿದ್ದೇನೆ.