ಕಾಂತಾರ ಚಾಪ್ಟರ್ 1: ಸೀಟು ನೋಡಿಕೊಂಡು ಟಿಕೆಟ್ ತೆಗೆಯಿರಿ
ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿರುವ ಈ ಚಿತ್ರ (2025) ಸುಮಾರು ಎರಡೂ ಮುಕ್ಕಾಲು ಗಂಟೆಯದು. 2022ರ ‘ಕಾಂತಾರ’ಕ್ಕೂ ಹಿಂದಿನ ಕಥೆಯಾದ್ದರಿಂದ ಅದನ್ನು ನೋಡದವರಿಗೂ ತೊಡಕಿಲ್ಲ.

ಚಿತ್ರದ ಜೀವಾಳ ರಥದ ಓಟ. ಹತೋಟಿ ತಪ್ಪಿದ ರಥ ಪೇಟೆಯೊಳಗೆ ನುಗ್ಗುತ್ತದೆ. ಚಕ್ರದ ಅಬ್ಬರ, ಕುದುರೆ, ದಿಕ್ಕಾಪಾಲಾಗುವ ಜನ. ಅಷ್ಟು ವೇಗದಲ್ಲೂ ಯಾರು ಎಲ್ಲಿದ್ದಾರೆಂಬ ಗೊಂದಲವಿಲ್ಲ, ಏಕೆಂದರೆ ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಓಟದ ದಿಕ್ಕನ್ನು ಬಿಟ್ಟುಕೊಡುವುದಿಲ್ಲ. ಇದನ್ನು ಫೋನಿನಲ್ಲಿ ನೋಡಿದರೆ ದೊಡ್ಡ ನಷ್ಟ.

ಮೊದಲಾರ್ಧದ ಹಾಸ್ಯ ಮಾತ್ರ ಓಘಕ್ಕೆ ಅಡ್ಡಗಾಲು: ಬಿಗುವು ಕಟ್ಟಿಕೊಂಡ ಬೆನ್ನಿಗೇ ನಗೆಮಾತು ಬಂದು ಸಡಿಲಾಗುತ್ತದೆ. ಹತ್ತು ನಿಮಿಷ ಕತ್ತರಿಸಬಹುದಿತ್ತು. ರುಕ್ಮಿಣಿ ವಸಂತ್ ಅವರ ಕನಕವತಿ ದ್ವಿತೀಯಾರ್ಧದಲ್ಲಿ ಬೆಳೆಯುವ ಪರಿ ಅದ್ಭುತ. ಕಣ್ಣಲ್ಲೇ ಪಾತ್ರ ಬದಲಾಗುತ್ತದೆ.

ಅಜನೀಶ್ ಲೋಕನಾಥ್ ಅವರ ವಾದ್ಯಗಳ ಮೊಳಗು ಜೋರು. ಪಕ್ಕದ ಸ್ಪೀಕರ್‌ಗಳಿಗೆ ಅಂಟಿದ ಸೀಟಾದರೆ, ಪರದೆಯ ಹಿಂದಿನಿಂದ ಬರುವ ಮಾತು ಅದರಡಿ ಮುಳುಗುತ್ತದೆ. ಪರದೆಯಿಂದ ಮೂರರಲ್ಲೆರಡು ಭಾಗ ಹಿಂದಿನ ಸಾಲು, ಸರಿಯಾಗಿ ಮಧ್ಯದ ಸೀಟು ಹಿಡಿಯಿರಿ. ಮೊದಲ ಮೂರು ಸಾಲು ಬೇಡವೇ ಬೇಡ, ಕಾಳಗದ ದೃಶ್ಯಗಳು ಕಣ್ಣಿಗೆ ಕಲಸಿಹೋಗುತ್ತವೆ. ಕ್ಲೈಮ್ಯಾಕ್ಸಿನ ದೈವಾವೇಶಕ್ಕೆ ಮಾತ್ರ ಎಲ್ಲಿ ಕೂತರೂ ಮೈ ಜುಮ್ಮೆನ್ನುತ್ತದೆ.