ಹವಾಮಾನ ಆ್ಯಪ್‌ನ ಶೇಕಡಾವಾರು ಮಳೆ: ನಾಲ್ಕು ನಕ್ಷತ್ರ

ಫೋನಿನ ಹವಾಮಾನ ಆ್ಯಪ್‌ಗಳಿಗೆ ಒಂದೇ ನಕ್ಷತ್ರ ಕೊಟ್ಟವರ ದೂರುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತೊಂದಿದೆ: ಶೇಕಡಾ 30 ಎಂದಿತ್ತು, ಆದರೂ ಮಳೆ ಸುರಿಯಿತು. ಹಾಗೆ 30 ಎಂದ ದಿನಗಳಲ್ಲಿ ಸರಾಸರಿ ಹತ್ತಕ್ಕೆ ಮೂರು ದಿನ ಮಳೆಯಾಗಲೇಬೇಕು. ಎಂದೂ ಆಗದಿದ್ದರೆ ಮುನ್ಸೂಚನೆ ಕೆಟ್ಟಿದೆ ಎಂದೇ ಅರ್ಥ. ದೂರುವವರಿಗೆ ಬೇಕಿರುವುದು ಹೌದು ಅಥವಾ ಇಲ್ಲ ಎಂಬ ಉತ್ತರ. ಅದನ್ನು ಕೊಡಲು ಒಪ್ಪದಿರುವುದೇ ಈ ಸೇವೆಯ ದೊಡ್ಡ ಗುಣವೆಂದು ನನ್ನ ಅಭಿಪ್ರಾಯ.

ಈ ಅಂಕಿ ಜಾರಿಕೊಳ್ಳುವ ಉಪಾಯವಲ್ಲ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು ಆರಂಭದ ಸ್ಥಿತಿಯನ್ನು ತುಸುವೇ ಬದಲಿಸುತ್ತ ಒಟ್ಟು 51 ಲೆಕ್ಕಾಚಾರಗಳನ್ನು ನಡೆಸುತ್ತದೆ. ಅವುಗಳಲ್ಲಿ ಎಷ್ಟು ಲೆಕ್ಕಾಚಾರಗಳು ಮಳೆ ತೋರಿಸುತ್ತವೆ ಎಂಬುದು ಇಂಥ ಅಂಕಿಗೆ ಆಧಾರವಾಗುತ್ತದೆ. ಮುನ್ಸೂಚಕರನ್ನು ಅಳೆಯಲು ಅಮೆರಿಕದ ಹವಾಮಾನ ತಜ್ಞ ಗ್ಲೆನ್ ಬ್ರೈಯರ್ 1950ರಲ್ಲಿ ಸೂಚಿಸಿದ ಕ್ರಮವೂ ಇದಕ್ಕೆ ಹೊಂದುತ್ತದೆ. ಇಂದು ಬಳಕೆಯಲ್ಲಿರುವ ರೂಪದಲ್ಲಿ, ಹೇಳಿದ್ದಕ್ಕೂ ನಡೆದದ್ದಕ್ಕೂ ಇರುವ ಅಂತರದ ವರ್ಗವೇ ದಂಡ: ಶೇಕಡಾ 70 (ಅಂದರೆ 0.7) ಎಂದು ಹೇಳಿ ಮಳೆ ಬಾರದಿದ್ದರೆ ದಂಡ 0.49, ಖಂಡಿತ ಬರುತ್ತದೆ ಎಂದು ಹೇಳಿ ಬಾರದಿದ್ದರೆ ಪೂರ್ತಿ 1. ಅತಿಯಾದ ಖಚಿತತೆಗೆ ಹೆಚ್ಚು ಬೆಲೆ ತೆರಬೇಕು. (ಮನೆಯ ವಾದಗಳಿಗೂ ಈ ದಂಡ ವಿಧಿಸಿದರೆ ಎಷ್ಟು ಜನ ಉಳಿದಾರು ಎಂಬುದು ಬೇರೆ ಮಾತು.)

ಕೊರತೆಗಳೂ ಇವೆ. 30 ಯಾವುದರಲ್ಲಿ 30 ಎಂದು ಆ್ಯಪ್ ಹೇಳುವುದಿಲ್ಲ. ಐದು ನಗರಗಳ ಜನರನ್ನು ಕೇಳಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನದ ಶೇಕಡಾ 30 ಹೊತ್ತು ಅಥವಾ ಪ್ರದೇಶದ ಶೇಕಡಾ 30 ಭಾಗದಲ್ಲಿ ಮಳೆ ಎಂದು ತಿಳಿದವರು ಅನೇಕರಿದ್ದರು. ಅದಕ್ಕಿಂತ ಗಂಭೀರವಾದ ದೋಷವೆಂದರೆ, ಅಂಕಿಯ ಪಕ್ಕದ ಮೋಡದ ಚಿತ್ರ. ಅಂಕಿ ಅನಿಶ್ಚಿತತೆಯನ್ನು ಒಪ್ಪಿಕೊಂಡರೆ ಚಿತ್ರ ಅದನ್ನು ಅಳಿಸಿ ತೀರ್ಪು ಕೊಟ್ಟುಬಿಡುತ್ತದೆ, ಅವಸರದ ಕಣ್ಣಿಗೆ ಬೀಳುವುದೂ ಅದೇ. ಎಣಿಸದ ಮಳೆಗೆ ಬರುವ ಬೈಗುಳ ಎಣಿಸದ ಬಿಸಿಲಿಗೆ ಬರುವುದಿಲ್ಲವಾದ್ದರಿಂದ, ಕೆಲವು ಖಾಸಗಿ ಸೇವೆಗಳು ಸಣ್ಣ ಸಾಧ್ಯತೆಯನ್ನು ಬೇಕೆಂದೇ ಹಿಗ್ಗಿಸಿ ತೋರಿಸಿದ್ದೂ ಉಂಟು. ಗ್ರಾಹಕರ ಅಸಹನೆಯೇ ಲೆಕ್ಕವನ್ನು ಕೆಡಿಸುವ ಪರಿ ಇದು.

ನಿಖರವಾಗಿ ಯೋಜಿಸುವವರಿಗೆ ಗಂಟೆವಾರು ಅಂಕಿಗಳ ಪುಟವನ್ನು ಶಿಫಾರಸು ಮಾಡುತ್ತೇನೆ, ಮೊದಲ ಪುಟದ ಚಿತ್ರಗಳನ್ನಲ್ಲ. ಕಳೆದ ವರ್ಷ 30 ಎಂದ ದಿನಗಳಲ್ಲಿ ನಿಜಕ್ಕೂ ಎಷ್ಟು ಬಾರಿ ಮಳೆಯಾಯಿತು ಎಂಬ ಪಟ್ಟಿಯನ್ನು ಆ್ಯಪ್ ತಾನೇ ಪ್ರಕಟಿಸುವವರೆಗೆ ಐದನೆಯ ನಕ್ಷತ್ರವನ್ನು ತಡೆಹಿಡಿದಿದ್ದೇನೆ.