ಬರ್ಚ್ ಪ್ಲೈವುಡ್ ಶೀಟ್: ಕಪಾಟು ಮಾಡಿ ನೋಡಿದ ಮೇಲೆ

ಮಗಳ ಪುಸ್ತಕಗಳಿಗೆ ಕಪಾಟು ಮಾಡಲು ಎರಡು ಥರದ ಪ್ಲೈವುಡ್ ತಂದೆ. ಒಂದು ಪಾಪ್ಲರ್ ಮರದ್ದು, ಇನ್ನೊಂದು ಬರ್ಚ್ ಮರದ್ದು. ಎರಡೂ 8 ಅಡಿ ಉದ್ದ, 4 ಅಡಿ ಅಗಲ, 18 ಮಿ.ಮೀ. ದಪ್ಪ. ಎತ್ತಿದ ಕೂಡಲೇ ವ್ಯತ್ಯಾಸ ಗೊತ್ತಾಯಿತು. ಪಾಪ್ಲರ್ ಶೀಟನ್ನು ಒಬ್ಬನೇ ಎತ್ತಿ ಗೋಡೆಗೆ ಒರಗಿಸಿದೆ. ಬರ್ಚ್ ಸುಮಾರು 36 ಕೆ.ಜಿ. ತೂಗುತ್ತದೆ. ಅದಕ್ಕೆ ಇನ್ನೊಬ್ಬರು ಕೈ ಹಾಕಲೇಬೇಕು.

ಪ್ಲೈವುಡ್ ಕೊಳ್ಳುವಾಗ ಮೇಲಿನ ನುಣುಪು ನೋಡಿ ಮರುಳಾಗಬೇಡಿ, ಅಂಚು ನೋಡಿ. ನನ್ನ ಬರ್ಚ್ ಶೀಟಿನ ಅಂಚಿನಲ್ಲಿ 13 ಪದರ ಎಣಿಸಿದೆ. ಒಂದೊಂದೂ ಒಂದೂವರೆ ಮಿ.ಮೀ.ಗಿಂತ ತೆಳು. ಒಂದರ ನಾರು ಉದ್ದಕ್ಕೆ, ಮುಂದಿನದರ ನಾರು ಅಡ್ಡಕ್ಕೆ. ನಡುವೆ ಎಲ್ಲೂ ಸಂದಿಯಿಲ್ಲ. ಪಾಪ್ಲರ್ ಕೊಯ್ದಾಗ ಮಾತ್ರ ಬೇಜಾರಾಯಿತು. ಒಳಪದರದಲ್ಲಿ ಉಗುರು ತೂರುವಷ್ಟು ಟೊಳ್ಳು. ಸ್ಕ್ರೂ ಸರಿಯಾಗಿ ಅಲ್ಲಿಗೇ ಹೋಯಿತು. ತಿರುಗಿಸಿದಷ್ಟೂ ತಿರುಗಿತು, ಕಚ್ಚಲೇ ಇಲ್ಲ.

ಅಳತೆಯ ವಿಷಯದಲ್ಲಿ ಬರ್ಚ್ ಕೂಡ ಹೇಳಿದಷ್ಟೇ ಇರುವುದಿಲ್ಲ. ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದರೆ 17.6 ಮಿ.ಮೀ. ಬಂತು. ನಾನು ಅಳೆಯದೆ 18ಕ್ಕೇ ಗಾಡಿ, ಅಂದರೆ ಹಲಗೆಯ ಅಂಚು ಕೂರುವ ಸೀಳು, ಕೊರೆದಿದ್ದೆ, ಹಲಗೆ ಅದರಲ್ಲಿ ಅಲ್ಲಾಡಿತು. ಶೀಟ್ ಕೈಗೆ ಬಂದ ಮೇಲೆಯೇ ಗಾಡಿ ಕೊರೆಯಿರಿ. ಇನ್ನೊಂದು, 4 ಅಡಿ, ಅಂದರೆ 1220 ಮಿ.ಮೀ. ಅಗಲವನ್ನು ನಡುವೆ ಸೀಳಿದರೆ 610ರ ಎರಡು ತುಂಡು ಸಿಗುತ್ತದೆ ಅಂದುಕೊಳ್ಳಬೇಡಿ. ಗರಗಸದ ಬ್ಲೇಡು ಸುಮಾರು 3 ಮಿ.ಮೀ. ತಿನ್ನುತ್ತದೆ. ಆ ಲೆಕ್ಕ ಮೊದಲೇ ಹಾಕಿ. ಕೆಲವು ಕಡೆಯ ಬರ್ಚ್ 5 ಅಡಿ ಚೌಕದ ಶೀಟಾಗಿಯೂ ಬರುತ್ತದೆ. ಉದ್ದ ಹಲಗೆ ಬೇಕಿದ್ದರೆ ಅದು ಆಗುವುದಿಲ್ಲ, ಅಲ್ವಾ?

ಪಾಪ್ಲರ್ ಕೆಟ್ಟದ್ದು ಅನ್ನುತ್ತಿಲ್ಲ. ಹಗುರ, ಕೊಯ್ಯಲು ಸುಲಭ, ಬಣ್ಣ ಚೆನ್ನಾಗಿ ಕೂರುತ್ತದೆ. ಕಪಾಟಿನ ಬಾಗಿಲಿಗೆ ನಾನು ಅದನ್ನೇ ಹಾಕಿದ್ದೇನೆ. ಭಾರ ಹೊರುವ ಹಲಗೆಗೆ ಮಾತ್ರ ಬೇಡ. ಬರ್ಚ್‌ಗೂ ಒಂದು ಕೊರತೆ ಇದೆ. ಅಂಟು ನೀರು ತಡೆದರೂ ಮರ ತಡೆಯುವುದಿಲ್ಲ, ಸದಾ ಒದ್ದೆಯಿದ್ದರೆ ಕೊಳೆಯುತ್ತದೆ. ಬಚ್ಚಲಿಗೆ, ಸಿಂಕಿನ ಕೆಳಗೆ ಇದನ್ನು ಹಾಕಬೇಡಿ.

ನಾರಿನ ದಿಕ್ಕಿಗೆ ಜಾಸ್ತಿ ಗಮನ ಕೊಡಿ. ಮೇಲ್ಪದರದ ನಾರು ಹಲಗೆಯ ಉದ್ದಕ್ಕೇ ಓಡಬೇಕು. ತುಂಡು ಉಳಿಯುತ್ತದೆ ಎಂದು ಒಂದು ಪಾಪ್ಲರ್ ಹಲಗೆಯನ್ನು ಅಡ್ಡಕ್ಕೆ ಕೊಯ್ದಿದ್ದೆ. ಮೂರಡಿ ಅಗಲದ ಖಾನೆ. ಕೆಲವೇ ತಿಂಗಳಲ್ಲಿ ನಡುವೆ ಬಾಗಿತು. ಮಗಳೇ ಮೊದಲು ನೋಡಿ "ಅಪ್ಪಾ, ಇದು ಜೋತು ಬಿದ್ದಿದೆ" ಅಂದಳು. ಅದನ್ನು ತೆಗೆದು, ನಾರು ಉದ್ದಕ್ಕಿರುವ ಬರ್ಚ್ ಹಲಗೆ ಕೂರಿಸಿದೆ. ಎರಡು ವರ್ಷವಾಯಿತು, ದಪ್ಪ ನಿಘಂಟುಗಳೆಲ್ಲ ಅದರ ಮೇಲೇ ಇವೆ. ಮೊನ್ನೆ ಹಲಗೆಯ ಅಡಿಗೆ ನೇರಪಟ್ಟಿ ಹಿಡಿದು ನೋಡಿದೆ. ಬೆಳಕು ಎಲ್ಲೂ ನುಸುಳಲಿಲ್ಲ.